ಅರ್ಧ ಮಾತ್ರೆ

ಆಫೀಸಿನಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕೊಕ್ಕೆ. ಯಾರು ಏನೇ ಮಾಡಿಕೊಟ್ಟರೂ ಅದಕ್ಕೊಂದು ಕೊಕ್ಕೆ ಹಾಕದೆ ಬಿಡುವವಳಲ್ಲ ಎಂದು ಇಟ್ಟ ಹೆಸರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ. ಹನ್ನೊಂದು ವರ್ಷದಿಂದ ಅವಳು ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸವೇ ಅದು. ಮೊಬೈಲ್ ಆಪ್ ಕಟ್ಟುವವರು ಕಟ್ಟಿ ಮುಗಿಸಿದ ಮೇಲೆ, ಅದು ಜನರ ಕೈಗೆ ಹೋಗುವ ಮುಂಚೆ, ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದು.

ಅವಳ ಮೇಜಿನ ಡ್ರಾಯರಿನಲ್ಲಿ ಹದಿನಾಲ್ಕು ಫೋನುಗಳಿದ್ದವು. ಗಾಜು ಸೀಳಿದವು ಎರಡು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು ಒಂದು, ಚಾರ್ಜು ಮುಕ್ಕಾಲು ಗಂಟೆಯೂ ನಿಲ್ಲದ ಮುದಿ ಫೋನು ಇನ್ನೊಂದು. ಆಪ್ ಬರೆಯುವವರ ಕೈಯಲ್ಲಿ ಫಳಫಳ ಹೊಳೆಯುವ ಹೊಸ ಫೋನುಗಳಿರುತ್ತವೆ, ಜನರ ಕೈಯಲ್ಲಿರುವುದು ಮಾತ್ರ ಇಂಥವು ಎಂಬುದು ಅವಳ ವಾದ. ಒದ್ದೆ ಬೆರಳಿನಿಂದ ಒತ್ತಿ ನೋಡುವಳು. ಆಪ್ ನಡೆಯುತ್ತಿರುವಾಗಲೇ ಇನ್ನೊಂದು ಫೋನಿನಿಂದ ಕರೆ ಮಾಡಿ ಅದರ ಏಕಾಗ್ರತೆ ಕೆಡಿಸುವಳು. ಸಿಗ್ನಲ್ ಸಾಯಲಿ ಎಂದು ಲಿಫ್ಟಿನೊಳಗೆ ನಿಂತು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಾಡುವಳು. ಲಿಫ್ಟು ಹತ್ತಿದವರು "ಯಾವ ಮಹಡಿ ಮೇಡಂ?" ಎಂದರೆ, "ಯಾವುದಾದ್ರೂ ಪರವಾಗಿಲ್ಲ" ಎನ್ನುವಳು. ಹೊಸದಾಗಿ ಸೇರಿದವರು ಮೊದಮೊದಲು ಅವಳಿಂದ ಒಂದಿಷ್ಟು ದೂರ ನಿಲ್ಲುತ್ತಿದ್ದದ್ದು ಇದಕ್ಕೇ.

ಆ ಸಲ ಬಂದದ್ದು ಮಾತ್ರೆ ನೆನಪಿಸುವ ಆಪ್. ಊರಿನ ದೊಡ್ಡ ಆಸ್ಪತ್ರೆಯೊಂದು ಮಾಡಿಸುತ್ತಿತ್ತು. ರೋಗಿ ಗುಣವಾಗಿ ಮನೆಗೆ ಹೊರಟಾಗ ಡಾಕ್ಟರು ಬರೆದ ಔಷಧಗಳ ಪಟ್ಟಿ ನೇರ ಅವರ ಫೋನಿಗೆ ಹೋಗುತ್ತದೆ. ಹೊತ್ತು ಹೊತ್ತಿಗೆ ಗಂಟೆ ಬಾರಿಸಿ, ಯಾವ ಮಾತ್ರೆ, ಎಷ್ಟು ಎಂದು ತೋರಿಸುತ್ತದೆ. ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಸಭಾಂಗಣದಲ್ಲಿ ಬಿಡುಗಡೆ. ಅಂದೇ ನಾನೂರು ರೋಗಿಗಳ ಫೋನಿಗೆ ಅದನ್ನು ಕಳಿಸುವುದೆಂದು ನಿಶ್ಚಯವಾಗಿತ್ತು.

ಅದರ ಹಿಂದಿನ ಭಾನುವಾರ ಕೊಕ್ಕೆ ಆಪನ್ನು ಅತ್ತೆಯ ಫೋನಿಗೆ ಹಾಕಿದಳು.

ಅತ್ತೆ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ಈಗ ಕಣ್ಣು ಮಂಜು, ಎದೆಬಡಿತ ಏರುಪೇರು, ನಾಲಿಗೆ ಮಾತ್ರ ಕತ್ತರಿಯಷ್ಟೇ ಚುರುಕು. ಫೋನಿನ ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ದೊಡ್ಡದು ಮಾಡಿಟ್ಟುಕೊಂಡಿದ್ದರು. ಯಾರಾದರೂ ಮೆಸೇಜ್ ಕಳಿಸಿದರೆ ಎದುರು ಮನೆಯವರೂ ಓದಬಹುದು ಎಂದು ಮಗ ಗೇಲಿ ಮಾಡುತ್ತಿದ್ದ. ಸೊಸೆ ಅತ್ತೆಯ ನಿಜವಾದ ಮಾತ್ರೆಗಳ ಪಟ್ಟಿಯನ್ನೇ ಪರೀಕ್ಷೆಗೆ ತುಂಬಿಸಿ, ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟಳು. ನೀರು ಕುದಿ ಬರುವಷ್ಟರಲ್ಲಿ ನಡುಮನೆಯಿಂದ ಕೂಗು ಬಂತು.

"ಲೇ, ಬಾ ಇಲ್ಲಿ! ನನ್ನನ್ನ ಬೇಗ ಕಳಿಸೋಕೆ ಗಂಡ ಹೆಂಡ್ತಿ ಸೇರ್ಕೊಂಡು ಏನಾದ್ರೂ ಪ್ಲಾನ್ ಮಾಡಿದ್ದೀರಾ?"

"ಯಾಕತ್ತೆ, ಏನಾಯ್ತು?"

"ಎದೆಬಡಿತದ ಮಾತ್ರೆ ಐದು ನುಂಗು ಅಂತಿದೆ ನಿನ್ನ ಆಪು. ಅರ್ಧ ನುಂಗಿದ್ರೇನೇ ನನಗೆ ತಲೆ ಸುತ್ತುತ್ತೆ. ಐದು ನುಂಗಿದ್ರೆ ಸುತ್ತೋಕೆ ತಲೇನೇ ಇರಲ್ಲ."

ಕೊಕ್ಕೆ ಫೋನು ಕೈಗೆ ತೆಗೆದುಕೊಂಡಳು. ಪರದೆಯ ಮೇಲೆ ದಪ್ಪಗೆ, ಅಚ್ಚುಕಟ್ಟಾಗಿ ಕೂತಿತ್ತು: 5. ಅವಳು ತುಂಬಿಸಿದ್ದು 0.5. ಅಡುಗೆಮನೆಯಲ್ಲಿ ಟೀ ನೀರು ಉಕ್ಕಿ ಒಲೆಯೆಲ್ಲ ಹರಿದದ್ದು ಅವಳ ಗಮನಕ್ಕೇ ಬರಲಿಲ್ಲ.

ಮಧ್ಯಾಹ್ನವೆಲ್ಲ ಅದರ ಬೆನ್ನು ಬಿದ್ದಳು. ಸಂಜೆಯ ಹೊತ್ತಿಗೆ ಗುಟ್ಟು ರಟ್ಟಾಯಿತು. ಮಾತ್ರೆಯ ಸಂಖ್ಯೆ ತೋರಿಸಲು ಆಪ್‌ನಲ್ಲಿ ಒಂದು ಚಿಕ್ಕ ಚೌಕವಿತ್ತು. ಅಕ್ಷರ ತೀರಾ ದೊಡ್ಡದಾಗಿ, ಫೋನು ಚಿಕ್ಕದಾಗಿದ್ದರೆ, ಸಂಖ್ಯೆ ಆ ಚೌಕದಲ್ಲಿ ಹಿಡಿಸುತ್ತಿರಲಿಲ್ಲ. ಎಡಗಡೆಯಿಂದ ಕತ್ತರಿಸಿಹೋಗುತ್ತಿತ್ತು. ಸೊನ್ನೆಯೂ ಚುಕ್ಕೆಯೂ ಅಂಚಿನಾಚೆ ಮಾಯ. ಉಳಿಯುತ್ತಿದ್ದದ್ದು ಐದು. ಮನೆಯಲ್ಲಿದ್ದ ಮೂರು ಫೋನುಗಳಲ್ಲಿ ಎರಡರಲ್ಲಿ ಹೀಗೇ ಆಯಿತು. ಸೋಮವಾರ ಬೆಳಿಗ್ಗೆ ಡ್ರಾಯರಿನ ಹದಿನಾಲ್ಕರಲ್ಲಿ ಆರರಲ್ಲಿ ಆಯಿತು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂದು ಸಾಲುಸಾಲಾಗಿ ಬರೆದು, ಆರೂ ಪರದೆಗಳ ಚಿತ್ರ ಅಂಟಿಸಿ, ದೋಷದ ದರ್ಜೆಯ ಮುಂದೆ 'ಪ್ರಾಣಾಪಾಯ' ಎಂದು ನಮೂದಿಸಿ ಕಳಿಸಿದಳು.

ಆಪ್ ಬರೆದವನನ್ನು ಎಲ್ಲರೂ ಆಮೇಲೆ ಎಂದೇ ಕರೆಯುತ್ತಿದ್ದರು. ಏನು ಹೇಳಿದರೂ "ಆಮೇಲೆ ನೋಡೋಣ" ಎನ್ನುವ ಅಭ್ಯಾಸದಿಂದ ಬಂದ ಹೆಸರು. ಕೆಟ್ಟವನಲ್ಲ, ಕೆಲಸದಲ್ಲಿ ಗಟ್ಟಿಗ. ಆದರೆ ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲದೆ ಕಣ್ಣು ಕೆಂಪು ಕೆಂಪಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದು ಕೊಕ್ಕೆ ಕಂಪ್ಯೂಟರ್ ತೆರೆದರೆ, ಅವಳ ವರದಿಯನ್ನು ಅವನು ಮುಗಿದ ಕೆಲಸವೆಂದು ಮುಚ್ಚಿಹಾಕಿದ್ದ. ಪ್ರಾಣಾಪಾಯ ಎಂದಿದ್ದ ಕಡೆ ಈಗ 'ಅಲಂಕಾರ' ಎಂದಿತ್ತು.

ಅವಳು ನೇರ ಅವನ ಮೇಜಿಗೆ ಹೋದಳು.

"ಅಲಂಕಾರನಾ?"

"ಅಕ್ಕಾ, ಕೂಗಾಡ್ಬೇಡಿ. ಲೆಕ್ಕದಲ್ಲೇನೂ ತಪ್ಪಿಲ್ಲ. ಒಳಗೆ ಸರಿಯಾಗಿ ಅರ್ಧ ಅಂತಾನೇ ಇದೆ. ತೋರಿಸೋದ್ರಲ್ಲಿ ಒಂಚೂರು ಕಟ್ ಆಗ್ತಿದೆ. ಅಂಥದ್ದನ್ನ ಅಲಂಕಾರದ ದೋಷ ಅಂತಾನೇ ಬರೀಬೇಕು, ನಿಯಮಾನೇ ಹಾಗಿದೆ."

"ರೋಗಿ ಆಪ್ ಒಳಗೆ ಇಣುಕಿ ನೋಡಿ ನುಂಗ್ತಾನಾ? ಕಣ್ಣಿಗೆ ಕಂಡಿದ್ದನ್ನ ನುಂಗ್ತಾನೆ."

ಅವನು ಕುರ್ಚಿ ತಿರುಗಿಸಿ ಅವಳ ಕಡೆ ನೋಡಿದ. "ನಿಜ. ಆದ್ರೆ ಆ ಚೌಕ ಮೂವತ್ತೊಂದು ಕಡೆ ಬಳಸಿದ್ದೀವಿ. ಅದನ್ನ ಮುಟ್ಟಿದ್ರೆ ಮೂವತ್ತೊಂದನ್ನೂ ನೀವು ಮತ್ತೆ ಪರೀಕ್ಷೆ ಮಾಡ್ಬೇಕು. ಗುರುವಾರಕ್ಕೆ ಆಗೋ ಮಾತಾ? ಬಿಡುಗಡೆ ಒಂದು ಮುಗೀಲಿ, ಆಮೇಲೆ ಮೊದಲನೇ ಕೆಲಸ ಅದೇ."

"ಬಿಡುಗಡೆ ಮುಂದಕ್ಕೆ ಹಾಕಿ."

ಅವನು ಸುಸ್ತಾದ ನಗು ನಕ್ಕ. "ಅದನ್ನ ನನ್ನ ಹತ್ರ ಹೇಳಿ ಏನು ಪ್ರಯೋಜನ? ಮ್ಯಾನೇಜರ ಗಾಜಿನ ರೂಮಿಗೆ ಹೋಗಿ ಹೇಳಿ."

ಅವಳು ವರದಿಯನ್ನು ಮತ್ತೆ ತೆರೆದಳು. ಅವನು ಮುಚ್ಚಿದ. ಮತ್ತೆ ತೆರೆದಳು. ಮಂಗಳವಾರ ಸಂಜೆಯವರೆಗೆ ಇಬ್ಬರೂ ಹೀಗೆ ಐದು ಸಲ ಹಗ್ಗ ಜಗ್ಗಾಡಿದರು. ಬುಧವಾರ ಹನ್ನೊಂದು ಗಂಟೆಗೆ ಗಾಜಿನ ರೂಮಿನಿಂದಲೇ ಕರೆ ಬಂತು.

ಮ್ಯಾನೇಜರು ಮಾತಿನಲ್ಲಿ ಬೆಣ್ಣೆಯಂಥ ಮನುಷ್ಯ. ಅವಳನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಅವಳ ಶ್ರದ್ಧೆಯನ್ನು ಎರಡು ನಿಮಿಷ ಹೊಗಳಿದರು. ಹೊಗಳಿಕೆ ಉದ್ದವಾದಷ್ಟೂ ಕೊಕ್ಕೆಯ ಬೆನ್ನು ಸೆಟೆದುಕೊಳ್ಳುತ್ತಿತ್ತು.

"ನೋಡಿ ಮೇಡಂ, ನಾವೇನು ಚಂದ್ರನ ಮೇಲಕ್ಕೆ ರಾಕೆಟ್ ಬಿಡ್ತಿಲ್ಲ. ಅಕ್ಷರ ಅಷ್ಟು ದೊಡ್ಡದು ಮಾಡ್ಕೊಳ್ಳೋರು ಎಷ್ಟು ಜನ ಇರ್ತಾರೆ? ವಿಚಾರಿಸಿದ್ದೀನಿ. ನೂರಕ್ಕೆ ಮೂರು."

"ಆಟ ಆಡೋ ಆಪ್ ಆಗಿದ್ರೆ ಮೂರು ಸಾರ್. ಇದು ಮಾತ್ರೆ ನುಂಗೋರ ಆಪ್. ಕಣ್ಣು ಮಂಜಾದೋರೇ ಇದನ್ನ ಬಳಸೋದು."

"ಅಂಥೋರಿಗೆ ಮನೇಲಿ ಯಾರಾದ್ರೂ ಓದಿ ಹೇಳ್ತಾರೆ."

"ಯಾರಾದ್ರೂ ಇದ್ರೆ ಈ ಆಪ್ ಯಾಕೆ ಬೇಕಿತ್ತು?"

ಮ್ಯಾನೇಜರು ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದರು. ಬಿಡುಗಡೆಯ ನಮೂನೆ ತೆರೆದಿತ್ತು. ಕೆಳಗೆ ಎರಡು ಗುಂಡಿ: ಒಪ್ಪಿದೆ, ಒಪ್ಪಿಲ್ಲ. ಪರೀಕ್ಷೆ ಮಾಡಿದವಳು ಒತ್ತದೆ ಆಪ್ ಹೊರಗೆ ಹೋಗುವಂತಿಲ್ಲ. ಆ ನಿಯಮ ಮಾಡಿದ್ದು ಇದೇ ಮ್ಯಾನೇಜರು, ಹಿಂದೊಮ್ಮೆ ಗ್ರಾಹಕರು ಸಿಟ್ಟಾಗಿದ್ದಾಗ.

"ಒತ್ತಿಬಿಡಿ ಮೇಡಂ. ಎಲ್ಲರಿಗೂ ನೆಮ್ಮದಿ."

ಕೊಕ್ಕೆಗೆ, ಹಾಸ್ಟೆಲಿನಲ್ಲಿದ್ದ ಮಗಳ ಕಾಲೇಜು ಇನ್ನೂ ಎರಡು ವರ್ಷವಿದೆ ಎಂಬುದು ಆ ಹೊತ್ತಿನಲ್ಲೇ ಯಾಕೆ ನೆನಪಾಗಬೇಕೋ. ಬೆರಳು ಮುಂದೆ ಚಾಚಿ 'ಒಪ್ಪಿಲ್ಲ' ಒತ್ತಿದಳು. ಕಾರಣ ಬರೆಯಿರಿ ಎಂದು ಖಾಲಿ ಜಾಗ ತೆರೆದುಕೊಂಡಿತು. ಬರೆದಳು: "ಅರ್ಧ ಮಾತ್ರೆಯನ್ನು ಐದು ಎಂದು ತೋರಿಸುತ್ತದೆ. ಜನ ಸಾಯಬಹುದು."

ಬೆಣ್ಣೆ ಕರಗಿಹೋಯಿತು.

"ಒಳ್ಳೆ ಮಾತಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ ಅಲ್ವಾ? ಆಗ್ಲಿ. ನಿಮ್ಮ ಜವಾಬ್ದಾರಿ ನಾನೇ ತಗೋತೀನಿ." ಅವಳ ಎದುರಿಗೇ ನಾಲ್ಕೈದು ಕೀ ಒತ್ತಿದರು. ನಮೂನೆಯಲ್ಲಿ ಅವಳ ಗುಂಡಿಗಳೆರಡೂ ಬೂದಿ ಬಣ್ಣಕ್ಕೆ ತಿರುಗಿ ಸತ್ತವು. ಮ್ಯಾನೇಜರು ತಮ್ಮ ಹೆಸರಿನಲ್ಲಿ 'ಒಪ್ಪಿದೆ' ಒತ್ತಿದರು. "ನಾಳೆ ರಜೆ ತಗೊಳ್ಳಿ. ತಲೆ ತಣ್ಣಗಾಗ್ಲಿ. ಶುಕ್ರವಾರ ಮಾತಾಡೋಣ."

"ಸರಿ ಸಾರ್. ರಜೆ ನೀವೇ ಕೊಟ್ಟಿದ್ದು, ಮರೀಬೇಡಿ."

ಅಂದು ಸಂಜೆ ಆರಕ್ಕೆಲ್ಲ ಮನೆಯ ಮೂವರೂ ನಡುಮನೆಯಲ್ಲಿ ಕೂತಿದ್ದರು. ಗಂಡ ಲಿಫ್ಟ್ ಮೆಕ್ಯಾನಿಕ್. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗದ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಎಲ್ಲ ಕೇಳಿಸಿಕೊಂಡ.

"ನಾಳೆ ಆಸ್ಪತ್ರೆಗೆ ಹೋಗ್ತೀನಿ," ಎಂದಳು ಅವಳು. "ಅಲ್ಲಿ ಔಷಧ ಕೊಡೋರಿಗೆ ತೋರಿಸ್ತೀನಿ."

"ಗ್ರಾಹಕರ ಹತ್ರ ನೇರ ಹೋಗ್ಬಾರ್ದು ಅಂತ ರೂಲ್ಸ್ ಇಲ್ವಾ?"

"ಇದೆ."

"ಕೆಲಸ ಹೋಗ್ಬಹುದು."

"ಹೋಗ್ಬಹುದು."

"ನಾನು ರಿಪೇರಿ ಮಾಡಿದ ಲಿಫ್ಟಲ್ಲಿ ಮೊದಲು ನಾನೇ ಹತ್ತಿ ಇಳೀತೀನಿ," ಎಂದ ಗಂಡ. "ನನಗೇ ಧೈರ್ಯ ಬರ್ದೇ ಇದ್ರೆ ಬೀಗ ಹಾಕ್ಕೊಂಡು ಬರ್ತೀನಿ. ಆ ಕಟ್ಟಡದೋರು ಎಷ್ಟು ಬೈದ್ರೂ ಅಷ್ಟೇ. ಇನ್ನು ನಿನಗೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ?"

ಅತ್ತೆ ಅಷ್ಟರಲ್ಲಾಗಲೇ ಎದ್ದು ಕಪಾಟು ತೆರೆದಿದ್ದರು.

"ಏನು ಹುಡುಕ್ತಿದ್ದೀರಿ ಅತ್ತೆ?"

"ನಾಳೆಗೆ ಸೀರೆ. ನಾನೂ ಬರ್ತೀನಿ. ನನ್ನ ಹೃದಯ ನೋಡೋದೂ ಅದೇ ಆಸ್ಪತ್ರೆ ಅಲ್ವೇನೇ? ನೀನೊಬ್ಬಳೇ ಹೋದ್ರೆ ಯಾವಳೋ ಕಂಪನಿಯೋಳು ಅಂತ ಬಾಗಿಲಲ್ಲೇ ತಡೀತಾರೆ. ಚೀಟಿ ಹಿಡ್ಕೊಂಡ ಮುದುಕೀನ ಯಾರು ತಡೀತಾರೆ?"

ಗುರುವಾರ ಒಂಬತ್ತೂವರೆಗೆ ಅತ್ತೆ ಸೊಸೆ ಔಷಧ ವಿಭಾಗದ ಕಿಟಕಿಯ ಮುಂದೆ ಸರದಿಯಲ್ಲಿ ನಿಂತಿದ್ದರು. ಎದುರಿನ ಸಭಾಂಗಣದಲ್ಲಿ ಕುರ್ಚಿ ಜೋಡಿಸುವ ಸದ್ದು, ಮೈಕು ಕಿರ್ರೆನ್ನುವ ಸದ್ದು. ಕಿಟಕಿಯೊಳಗೆ ಇದ್ದದ್ದು ಹಿರಿಯ ಫಾರ್ಮಸಿಸ್ಟ್, ಸಣಕಲು ಹೆಂಗಸು, ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡವರು. ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

"ಚೀಟಿ ಕೊಡಿ."

ಅತ್ತೆ ಚೀಟಿ ಕೊಟ್ಟರು, ಅದರ ಹಿಂದೆಯೇ ಫೋನನ್ನೂ ಕಿಟಕಿಯೊಳಗೆ ತೂರಿಸಿದರು. "ಮೇಡಂ, ಚೀಟೀಲಿ ಅರ್ಧ ಅಂತಿದೆ, ಫೋನಲ್ಲಿ ಐದು ಅಂತಿದೆ. ನಾನು ಯಾವುದನ್ನ ನಂಬಲಿ?"

ಫಾರ್ಮಸಿಸ್ಟ್ ಕನ್ನಡಕ ಏರಿಸಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಇದು ಇನ್ನೂ ಬಿಡುಗಡೆನೇ ಆಗಿಲ್ಲ. ನಿಮ್ಮ ಕೈಗೆ ಹೇಗೆ ಬಂತು? ನೀವು ಯಾರು?"

ಸುಳ್ಳು ಹೇಳಲು ಜಾಗವಿತ್ತು. ರೋಗಿಯ ಸೊಸೆ ಎಂದಷ್ಟೇ ಹೇಳಿ ನುಣುಚಿಕೊಳ್ಳಬಹುದಿತ್ತು. ಕೊಕ್ಕೆಗೆ ಅದು ಹೊಳೆಯದೆ ಇರಲಿಲ್ಲ.

"ಇವರ ಸೊಸೆ. ಈ ಆಪನ್ನ ಪರೀಕ್ಷೆ ಮಾಡಿದೋಳೂ ನಾನೇ. ನಿನ್ನೆ ಒಪ್ಪಿಲ್ಲ ಅಂತ ಬರೆದುಕೊಟ್ಟೆ. ನನ್ನನ್ನ ಬದಿಗೆ ಸರಿಸಿ ಬಿಡುಗಡೆ ಮಾಡ್ತಿದ್ದಾರೆ. ಇಲ್ಲಿ ಬಂದು ಹೇಳೋಕೆ ನನಗೆ ಅನುಮತಿ ಇಲ್ಲ. ನನ್ನ ಮಾತು ನಂಬಬೇಡಿ, ನೀವೇ ನಿಮ್ಮ ಕಂಪ್ಯೂಟರಿನಿಂದ ಒಂದು ಅರ್ಧ ಮಾತ್ರೆ ಕಳಿಸಿ ನೋಡಿ."

ಹಿಂದೆ ಸರದಿಯಲ್ಲಿದ್ದವರು ಗೊಣಗಲಾರಂಭಿಸಿದರು. ಫಾರ್ಮಸಿಸ್ಟ್ ಕಿಟಕಿಗೆ ಪರದೆ ಎಳೆದು, ಪಕ್ಕದ ಬಾಗಿಲು ತೆರೆದು ಇಬ್ಬರನ್ನೂ ಒಳಗೆ ಕರೆದರು. ತಮ್ಮ ಕಂಪ್ಯೂಟರಿನಿಂದ ಬೇರೆಯದೇ ಒಂದು ಮಾತ್ರೆ ಅರ್ಧ ಎಂದು ಕಳಿಸಿದರು. ಅತ್ತೆಯ ಫೋನು ಗಂಟೆ ಬಾರಿಸಿತು. ಐದು. ತಮ್ಮದೇ ಚಿಕ್ಕ ಫೋನು ತೆಗೆದರು. ಅದರಲ್ಲೂ ಅಕ್ಷರ ದೊಡ್ಡದಾಗಿಯೇ ಇತ್ತು. ಕೊಕ್ಕೆಯ ಕೈಯಲ್ಲಿ ಆಪನ್ನು ಹಾಕಿಸಿ, ಅದಕ್ಕೂ ಕಳಿಸಿ ನೋಡಿದರು. ಐದು.

ಅವರು ಅಂದು ಆಪ್ ಹೋಗಬೇಕಿದ್ದ ನಾನೂರು ರೋಗಿಗಳ ಪಟ್ಟಿ ತೆರೆದು, ಅರ್ಧ ಮಾತ್ರೆಯವರು ಎಷ್ಟು ಎಂದು ಬೆರಳಿಟ್ಟು ಎಣಿಸುತ್ತ ಹೋದರು. ಅರವತ್ತೆರಡರ ಹತ್ತಿರ ಬೆರಳು ನಿಂತಿತು. ಪುಟಗಳಿನ್ನೂ ಉಳಿದಿದ್ದವು.

"ಇಲ್ಲೇ ಕೂತಿರಿ," ಎಂದು ಎದ್ದು ಹೋದರು.

ಕಾಲು ಗಂಟೆ ಕಳೆಯಿತು. ಅತ್ತೆ ಸಾಲುಸಾಲು ಔಷಧದ ಡಬ್ಬಿಗಳನ್ನು ನೋಡುತ್ತ, "ಗುಂಡಿ ಡಬ್ಬ ಜೋಡಿಸಿದ ಹಾಗೆ ಜೋಡಿಸಿದ್ದಾಳೆ ಪುಣ್ಯಾತ್ಗಿತ್ತಿ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಆಗ ಬಾಗಿಲು ದಢಾರನೆ ತೆರೆಯಿತು. ಮುಂದೆ ಮ್ಯಾನೇಜರು, ಕೋಟಿನ ಮೇಲೆ ಅತಿಥಿಯ ಹೂವು ಸಿಕ್ಕಿಸಿಕೊಂಡು, ಮುಖ ಕೆಂಡ. ಹಿಂದೆ ಫಾರ್ಮಸಿಸ್ಟ್.

"ನೀವು ರಜೇಲಿದ್ದೀರಲ್ವಾ?"

"ರಜೇಲೇ ಇದ್ದೀನಿ ಸಾರ್. ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೀನಿ."

"ಇವರೇನಾ ನನಗೆ ಐದು ಮಾತ್ರೆ ಬರ್ಕೊಟ್ಟೋರು?" ಎಂದರು ಅತ್ತೆ. "ಡಾಕ್ಟರ ಹಾಗೆ ಕಾಣಲ್ವಲ್ಲ."

ಮ್ಯಾನೇಜರು ಅದನ್ನು ಕಿವಿಗೆ ಹಾಕಿಕೊಳ್ಳದೆ ಫಾರ್ಮಸಿಸ್ಟ್ ಕಡೆ ತಿರುಗಿದರು. "ಮೇಡಂ, ಇದು ನಮ್ಮ ಒಳಗಿನ ವಿಷಯ. ತೋರಿಸೋದ್ರಲ್ಲಿ ಒಂದು ಸಣ್ಣ ಕುಂದು. ಒಂದು ವಾರದಲ್ಲಿ ಸರಿ ಮಾಡ್ತೀವಿ. ಅಷ್ಟಕ್ಕೂ ನೂರಕ್ಕೆ ಮೂರು ಜನ..."

"ನಿಮ್ಮ ನೂರಕ್ಕೆ ಮೂರು ಜನ ನನ್ನ ಕಿಟಕಿ ಮುಂದೆ ಬಂದು ನಿಂತ್ರೆ ನೂರಕ್ಕೆ ಅರವತ್ತಾಗ್ತಾರೆ," ಎಂದರು ಫಾರ್ಮಸಿಸ್ಟ್. ದನಿ ಏರಿಸಲಿಲ್ಲ. "ಒಂದು ವಾರದಲ್ಲಿ ಸರಿ ಮಾಡ್ತೀರಲ್ಲ? ಒಂದು ವಾರ ಬಿಟ್ಟು ತನ್ನಿ. ಇವತ್ತು ಒಂದು ಫೋನಿಗೂ ಇದು ಹೋಗಲ್ಲ. ನಿರ್ದೇಶಕರಿಗೆ ಹೇಳಿ ಬಂದಿದ್ದೀನಿ."

ಮ್ಯಾನೇಜರು ಕೊಕ್ಕೆಯನ್ನು ನುಂಗುವವರ ಹಾಗೆ ನೋಡಿದರು. "ನಾಳೆ ಆಫೀಸಿಗೆ ಬನ್ನಿ. ಇದಕ್ಕೆ ಉತ್ತರ ಕೊಡ್ಬೇಕಾಗುತ್ತೆ."

"ಬರ್ತೀನಿ ಸಾರ್. ಉತ್ತರ ನಿನ್ನೇನೇ ಬರೆದುಕೊಟ್ಟಿದ್ದೀನಿ. ನೀವು ಸರಿಯಾಗಿ ಓದ್ಲಿಲ್ಲ."

ಬಿಡುಗಡೆಯ ಸಮಾರಂಭ ನಡೆದೇ ನಡೆಯಿತು. ಬಂದ ಅತಿಥಿಗಳನ್ನು ವಾಪಸು ಕಳಿಸುವುದು ಹೇಗೆ? ಭಾಷಣಗಳಾದವು, ಚಪ್ಪಾಳೆಯಾಯಿತು, ಫೋಟೋಗಳಾದವು. ಆಪ್ ಮಾತ್ರ ಯಾರ ಫೋನಿಗೂ ಹೋಗಲಿಲ್ಲ. ಅತ್ತೆ ಹಿಂದಿನ ಸಾಲಿನಲ್ಲಿ ಕೂತು, ಎಲ್ಲರಿಗೂ ಕೊಟ್ಟಂತೆ ತಮಗೂ ಕೊಟ್ಟ ಬಿಸ್ಕತ್ತು ತಿಂದು, ಸಮಾಧಾನವಾಗಿ ಮನೆಗೆ ಬಂದರು.

ಶುಕ್ರವಾರ ಗಾಜಿನ ರೂಮಿನಲ್ಲಿ ಮ್ಯಾನೇಜರ ಜೊತೆ ಸಿಬ್ಬಂದಿ ವಿಭಾಗದ ಅಧಿಕಾರಿಯೂ ಇದ್ದ. ಮೇಜಿನ ಮೇಲೆ ಟೈಪು ಮಾಡಿದ ಒಂದು ಪತ್ರ. ಅವಳೇ ಬರೆದಂತೆ ಇತ್ತು. ಅನುಮತಿಯಿಲ್ಲದೆ ಗ್ರಾಹಕರನ್ನು ಕಂಡೆ, ತಪ್ಪು ತಿಳುವಳಿಕೆಯಿಂದ ಅವಸರಪಟ್ಟೆ, ಕಂಪನಿಯ ಹೆಸರು ಕೆಡಿಸಿದೆ, ಕ್ಷಮೆ ಕೇಳುತ್ತೇನೆ.

"ಸಹಿ ಹಾಕಿದ್ರೆ ಇಲ್ಲಿಗೇ ಮುಗೀತು," ಎಂದ ಅಧಿಕಾರಿ. "ಇಲ್ದೇ ಇದ್ರೆ ಮುಂದಿನ ಕ್ರಮ."

ಕೊಕ್ಕೆ ಪತ್ರವನ್ನು ಎರಡು ಸಲ ಓದಿದಳು. ಪೆನ್ನು ತೆಗೆದಳು. ಮ್ಯಾನೇಜರ ಮುಖ ಸಡಿಲವಾಯಿತು.

"ಅನುಮತಿ ಇಲ್ಲದೆ ಹೋಗಿದ್ದು ನಿಜ. ಆ ಸಾಲು ಇರ್ಲಿ," ಎಂದು ಅದರ ಕೆಳಗೆ ಗೆರೆ ಎಳೆದಳು. "ತಪ್ಪು ತಿಳುವಳಿಕೆ ಅನ್ನೋದು ಸುಳ್ಳು. ಆರು ಫೋನಿನ ಚಿತ್ರ ಕೊಟ್ಟಿದ್ದೀನಿ. ಅವಸರಪಟ್ಟಿದ್ದು ನಾನಲ್ಲ. ಹೆಸರು ಕೆಡಿಸಿದ್ದೂ ನಾನಲ್ಲ, ಅದು ಕೆಡೋಕೆ ಒಂದು ಗಂಟೆ ಮುಂಚೆ ಹೋಗಿ ಹಿಡ್ಕೊಂಡಿದ್ದೀನಿ. ಈ ಮೂರು ಮಾತು ತೆಗೀರಿ, ಸಹಿ ಹಾಕ್ತೀನಿ."

"ಪತ್ರಾನ ಪರೀಕ್ಷೆ ಮಾಡು ಅಂತ ಯಾರಮ್ಮ ಹೇಳಿದ್ದು?" ಎಂದು ಅಧಿಕಾರಿ ರೇಗಿದ. "ಸಹಿ ಹಾಕ್ತೀರೋ ಇಲ್ವೋ?"

"ಇದ್ದ ಹಾಗೆ ಇದ್ರೆ ಇಲ್ಲ."

"ಕೆಲಸದ ಮೇಲೆ ಆಸೆ ಇಲ್ವಾ?"

"ಇದೆ. ಅದಕ್ಕೇ ಹಾಕಲ್ಲ ಅಂತಿರೋದು. ಇವತ್ತು ಸುಳ್ಳಿಗೆ ಸಹಿ ಹಾಕಿದ್ರೆ, ನಾಳೆ ನಾನು ಒಪ್ಪಿದೆ ಅಂತ ಬರೆದ್ರೂ ಅದಕ್ಕೆ ಮೂರು ಕಾಸಿನ ಬೆಲೆ ಇರಲ್ಲ."

ಎಂಟು ದಿನ ಅವಳನ್ನು ಯಾರೂ ಮಾತಾಡಿಸಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಕಿಟಕಿಯ ಬಳಿಯಿದ್ದ ಅವಳ ಜಾಗವನ್ನು ಬೇರೆಯವರಿಗೆ ಕೊಟ್ಟು, ಅವಳ ಮೇಜನ್ನು ಹಳೆಯ ಕುರ್ಚಿ, ಪ್ರಿಂಟರುಗಳನ್ನು ಒಟ್ಟಿದ್ದ ಉಗ್ರಾಣದ ಪಕ್ಕಕ್ಕೆ ಸಾಗಹಾಕಿದರು. ಹೊಸ ಕೆಲಸವೆಂದು ಬಂದದ್ದು ಸಿಬ್ಬಂದಿಯ ಹಾಜರಿ ಆಪ್. ಅದನ್ನು ಪರೀಕ್ಷೆ ಮಾಡುವುದರಲ್ಲಿ ಏನೂ ಸಿಗಲಾರದು ಎಂದುಕೊಂಡಿದ್ದರು. ಎರಡನೆಯ ದಿನವೇ, ಮ್ಯಾನೇಜರು ಮೂರು ತಿಂಗಳಿಂದ ಆಫೀಸಿಗೇ ಬಂದಿಲ್ಲವೆಂದು ಅದು ತೋರಿಸುತ್ತದೆ ಎಂದು ಅವಳು ವರದಿ ಕಳಿಸಿದಳು, ಚಿತ್ರ ಸಮೇತ. ಊಟದ ಹೊತ್ತಿನಲ್ಲಿ ಇಡೀ ಆಫೀಸು ಅದನ್ನು ಹೇಳಿಕೊಂಡು ನಕ್ಕಿತು. ಎದುರಿಗೆ ಮಾತ್ರ ಯಾರೂ ನಗಲಿಲ್ಲ.

ಆ ದಿನಗಳಲ್ಲಿ ಅವಳಿಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಬಾಗಿಲಿನ ಬಳಿ ಕಾರ್ಡು ಉಜ್ಜುವಾಗ, ಇವತ್ತು ಹಸಿರು ದೀಪ ಬರುತ್ತದೋ ಇಲ್ಲವೋ ಎಂದು ಒಂದು ಕ್ಷಣ ನಿಂತು ನೋಡುತ್ತಿದ್ದಳು. ಬರುತ್ತಿತ್ತು. ತಲೆಯೆತ್ತಿಕೊಂಡೇ ಒಳಗೆ ಹೋಗುತ್ತಿದ್ದಳು.

ಆಮೇಲೆ ಎನಿಸಿಕೊಂಡವನು ಮಾತ್ರ ಒಂದು ಮಧ್ಯಾಹ್ನ ಉಗ್ರಾಣದ ಕಡೆ ಬಂದ. ಮುರಿದ ಕುರ್ಚಿಯೊಂದನ್ನು ಎಳೆದುಕೊಂಡು ಕೂತು ತನ್ನ ಫೋನು ತೋರಿಸಿದ. ಸಂಖ್ಯೆಯ ಚೌಕವನ್ನೇ ಕಿತ್ತುಹಾಕಿ, ಸಾಲಿನ ಪೂರ್ತಿ ಅಗಲಕ್ಕೆ 'ಅರ್ಧ' ಎಂದು ಅಕ್ಷರದಲ್ಲಿ ಬರುವಂತೆ ಮಾಡಿದ್ದ.

"ಒಂದೂವರೆ ದಿನ ಹಿಡೀತು ಅಷ್ಟೇ," ಎಂದ. "ಬರೀ ಒಂದೂವರೆ ದಿನ." ಅವನು ಹೋದ ಮೇಲೆ ಕೊಕ್ಕೆ ಹಳೆಯ ವರದಿ ತೆರೆದು ನೋಡಿದಳು. ಅಲಂಕಾರ ಎಂದಿದ್ದನ್ನು ಅವನೇ ಅಳಿಸಿ, ಪ್ರಾಣಾಪಾಯ ಎಂದು ತಿದ್ದಿದ್ದ.

ಒಂಬತ್ತನೆಯ ದಿನ ಆಸ್ಪತ್ರೆಯಿಂದ ಕಾಗದ ಬಂತು. ಹೆಚ್ಚಿಗೆ ಏನೂ ಬರೆದಿರಲಿಲ್ಲ. ತಿದ್ದಿದ ಆಪನ್ನು ಪಡೆಯಲು ತಾವು ಸಿದ್ಧ, ಆದರೆ ಹೋದ ಸಲ ಒಪ್ಪದೆ ಇದ್ದ ಪರೀಕ್ಷಕರು ಈ ಸಲ ಒಪ್ಪಿರಬೇಕು, ಅವರ ಸಹಿಯಿಲ್ಲದೆ ಸ್ವೀಕರಿಸುವುದಿಲ್ಲ. ಕೆಳಗೆ ನಿರ್ದೇಶಕರ ಮೊಹರು, ಅದರ ಪಕ್ಕದಲ್ಲಿ ಫಾರ್ಮಸಿಸ್ಟರ ಚೂಪು ಅಕ್ಷರದ ರುಜು.

ಮ್ಯಾನೇಜರು ಅವಳನ್ನು ಕರೆಯಲೂ ಇಲ್ಲ, ಏನೂ ಹೇಳಲೂ ಇಲ್ಲ. ಅಂದು ಮಧ್ಯಾಹ್ನ ಅವಳ ನಮೂನೆಯಲ್ಲಿ ಬೂದಿಯಾಗಿದ್ದ ಗುಂಡಿಗಳಿಗೆ ಬಣ್ಣ ಬಂತು, ಅಷ್ಟೇ. ಕ್ಷಮಾಪಣೆಯ ಪತ್ರ ಸಹಿಯಿಲ್ಲದೆ ಅವಳ ಕಡತದಲ್ಲೇ ಉಳಿಯಿತು. ಕಿಟಕಿಯ ಪಕ್ಕದ ಜಾಗ ವಾಪಸು ಸಿಗಲಿಲ್ಲ.

ಹೊಸ ಆಪ್ ಅವಳ ಮೇಜಿಗೆ ಬಂತು. ಅವಳು ಹದಿನಾಲ್ಕು ಫೋನುಗಳನ್ನೂ ಹೊರಗೆ ಹರಡಿಕೊಂಡು ಮೂರು ದಿನ ಕೂತಳು. ಮೂರನೆಯ ದಿನ ನಾಲ್ಕು ಗಂಟೆಗೆ, ಆಸ್ಪತ್ರೆಯವರಿಗೆ ಏನು ಹೇಳಲಿ ಎಂದು ಮ್ಯಾನೇಜರ ಫೋನು ಬಂತು. ದನಿಯಲ್ಲಿ ಬೆಣ್ಣೆಯೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ.

"ಎಷ್ಟು ತಪ್ಪು ಸಿಕ್ಕಿವೆ ಮೇಡಂ?"

"ಹದಿನೇಳು ಸಾರ್," ಎಂದಳು ಕೊಕ್ಕೆ. "ಸ್ವಲ್ಪ ಇರಿ, ಹದಿನೆಂಟನೇದು ನೋಡ್ತಾ ಇದ್ದೀನಿ."